ಮಂಗನ ಕಾಯಿಲೆ ಹಿಡಿಯುವ ಇಪ್ಪತ್ತು ಅಕ್ಷರ

ಡಿಸೆಂಬರ್ ಕಳೆದು ಬಿಸಿಲು ಏರತೊಡಗಿದ ಮೇಲೆ ಸಿದ್ದಾಪುರದ ಕಡೆ ಯಾರಿಗೇ ಜ್ವರ ಬರಲಿ, ಆಸ್ಪತ್ರೆಯಲ್ಲಿ ಎರಡು ಪ್ರಶ್ನೆ ಖಾಯಂ. ದರಕು ತರಲು ಬೆಟ್ಟಕ್ಕೆ ಹೋಗಿದ್ದಿರಾ? ಹತ್ತಿರದಲ್ಲೆಲ್ಲಾದರೂ ಮಂಗ ಸತ್ತಿದೆಯಾ? ಒಂದಕ್ಕೆ ಹೌದು ಎಂದರೂ ರಕ್ತ ತೆಗೆದು, ತಂಪು ಡಬ್ಬಿಯಲ್ಲಿಟ್ಟು, ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಮಂಗನ ಕಾಯಿಲೆ ಪಾಸಿಟಿವ್ ಬಂದರೆ ಆರೋಗ್ಯ ಇಲಾಖೆಯ ಜೀಪು ಊರಿಗೆ ಬರುತ್ತದೆ, ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳುವ ಡೇಪಾ ತೈಲ ಹಂಚುತ್ತಾರೆ, ಸೊಪ್ಪಿನ ಬೆಟ್ಟಕ್ಕೆ ಹೋಗಬೇಡಿ ಎನ್ನುತ್ತಾರೆ. ಅಡಿಕೆ ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ಒಣ ಎಲೆಯ ದರಕು ಇಲ್ಲದೆ ನಡೆಯದ ಸೀಮೆಯಲ್ಲಿ ಅದು ಸಣ್ಣ ಮಾತಲ್ಲ.

ಆ ಪಾಸಿಟಿವ್ ನಿಂತಿರುವುದು ಎರಡು ಪುಟ್ಟ ಡಿಎನ್ಎ ತುಣುಕುಗಳ ಮೇಲೆ. ಒಂದೊಂದೂ ಸುಮಾರು ಇಪ್ಪತ್ತು ಅಕ್ಷರದ್ದು. ಪ್ರೈಮರ್ ಎಂದು ಕರೆಯುತ್ತಾರೆ. ಇವನ್ನು ಯಾರೋ ಕಂಪ್ಯೂಟರ್ ಮುಂದೆ ಕೂತು ಆರಿಸಿರುತ್ತಾರೆ. ಆರಿಸಲು ಬೇಕಾದ ಮಾಹಿತಿಯಾಗಲಿ ಸಾಫ್ಟ್‌ವೇರ್ ಆಗಲಿ ಗುಟ್ಟಿನದ್ದಲ್ಲ, ದುಡ್ಡು ಕೊಡಬೇಕಾದ್ದೂ ಅಲ್ಲ. ಭೈರುಂಬೆಯಿಂದ ಶಿರಸಿಯ ಕಾಲೇಜಿಗೆ ಓಡಾಡುವ ಬಿಎಸ್ಸಿ ಹುಡುಗಿಯೊಬ್ಬಳು, ಕರೆಂಟೂ ನೆಟ್‌ವರ್ಕೂ ಇರುವ ಸಂಜೆ ಜಗುಲಿಯಲ್ಲಿ ಕೂತು ಇದೇ ಕೆಲಸ ಮಾಡಬಹುದು. ಕಷ್ಟ ಇರುವುದು ಬೇರೆ ಕಡೆ.

ಕಾಯಿಲೆಯ ಹಿನ್ನೆಲೆ ಮಲೆನಾಡಿನವರಿಗೆ ಗೊತ್ತಿದ್ದದ್ದೇ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು, ಹಿಂದೆಯೇ ಜನರೂ ಜ್ವರಕ್ಕೆ ಬಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಸ್ಸನ್ನು ಬೇರ್ಪಡಿಸಿದರು. ಆ ಕೇಂದ್ರವೇ ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಹರಡುವುದು ಉಣುಗು. ಕಾಯಿಲೆ ಬಿದ್ದವರಲ್ಲಿ ನೂರಕ್ಕೆ 3ರಿಂದ 5 ಮಂದಿ ಸಾಯುತ್ತಾರೆ. 2012ರಿಂದೀಚೆಗೆ ಬಂಡೀಪುರ, ವಯನಾಡು, ನೀಲಗಿರಿ, ಗೋವೆಯ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಅದು ಕಾಣಿಸಿಕೊಂಡಿದೆ.

ಇನ್ನು ಪಿಸಿಆರ್. ಕೋವಿಡ್ ಕಾಲದಲ್ಲಿ ಆರ್‌ಟಿ-ಪಿಸಿಆರ್ ಎಂಬ ಮಾತು ಎಲ್ಲರ ಬಾಯಲ್ಲೂ ಇತ್ತು, ಒಳಗೆ ನಡೆಯುವುದೇನೆಂದು ಕೇಳಿದವರು ಕಡಿಮೆ. ಮಂಗನ ಕಾಯಿಲೆಯ ವೈರಸ್ಸಿನ ವಂಶಸೂಚಿ ಆರ್‌ಎನ್‌ಎಯಲ್ಲಿದೆ, ಉದ್ದ ಸುಮಾರು 11,000 ಅಕ್ಷರ. ಮೊದಲು ಅದನ್ನು ಡಿಎನ್‌ಎಗೆ ನಕಲು ಮಾಡಿಕೊಳ್ಳಬೇಕು. ಆರ್‌ಟಿ ಎಂದರೆ ಅಷ್ಟೆ. ಆಮೇಲೆ ಸಣ್ಣ ಕೊಳವೆಯನ್ನು ಯಂತ್ರದಲ್ಲಿಟ್ಟು 95 ಡಿಗ್ರಿಗೆ ಕಾಯಿಸಿದರೆ ಡಿಎನ್‌ಎಯ ಎರಡು ಎಳೆ ಬಿಡಿಬಿಡಿಯಾಗುತ್ತವೆ. 60ರ ಆಸುಪಾಸಿಗೆ ಇಳಿಸಿದಾಗ ಪ್ರೈಮರ್‌ಗಳು ತಮಗೆ ಹೊಂದುವ ಜಾಗ ಹುಡುಕಿ ಕೂರುತ್ತವೆ. ಪಾಲಿಮರೇಸ್ ಎಂಬ ಕಿಣ್ವ ಅಲ್ಲಿಂದ ಮುಂದಕ್ಕೆ ಹೊಸ ಎಳೆ ಹೆಣೆಯುತ್ತದೆ. ಪಾಲಿಮರೇಸ್‌ಗೆ ತಾನಾಗಿ ಶುರು ಮಾಡಲು ಬರುವುದಿಲ್ಲ. ಯಾರಾದರೂ ಮೊದಲ ತುಣುಕು ಹಾಕಿಕೊಡಬೇಕು. ಹಾಗಾಗಿ ಎರಡು ಪ್ರೈಮರ್‌ಗಳ ನಡುವಿನ ಭಾಗ ಮಾತ್ರ ಪ್ರತಿ ಸುತ್ತಿಗೂ ಇಮ್ಮಡಿಸುತ್ತದೆ. ಮೂವತ್ತು ಸುತ್ತು ಸರಿಯಾಗಿ ನಡೆದರೆ ಒಂದು ಪ್ರತಿ 107 ಕೋಟಿ ದಾಟುತ್ತದೆ. 1983ರಲ್ಲಿ ಇದು ಹೊಳೆದದ್ದು ಅಮೆರಿಕದ ಕ್ಯಾರಿ ಮುಲ್ಲಿಸ್‌ಗೆ. ಹತ್ತು ವರ್ಷಕ್ಕೆ ನೊಬೆಲ್ ಬಂತು. ಬಿಸಿಗೆ ಕೆಡದ ಪಾಲಿಮರೇಸ್ ಸಿಕ್ಕಿದ್ದು ಯೆಲ್ಲೋಸ್ಟೋನ್‌ನ ಬಿಸಿನೀರಿನ ಬುಗ್ಗೆಗಳಲ್ಲಿ ಬದುಕುವ ಬ್ಯಾಕ್ಟೀರಿಯಾದಲ್ಲಿ.

ರೋಗಿಯ ರಕ್ತದಲ್ಲಿ ವೈರಸ್ಸಿನದಷ್ಟೇ ಅಲ್ಲ, ಮನುಷ್ಯನ ಡಿಎನ್‌ಎ ಕೂಡ ಇರುತ್ತದೆ, ಸುಮಾರು 310 ಕೋಟಿ ಅಕ್ಷರದ್ದು. ಅಷ್ಟರ ನಡುವೆ ಪ್ರೈಮರ್ ತನ್ನ ಜಾಗವನ್ನು ಮಾತ್ರ ಹಿಡಿಯಬೇಕು. ಶಿರಸಿ ಪೇಟೆಯ ನಡುವೆ ನಿಂತು ‘ಹೆಗಡೇರೇ’ ಎಂದು ಕೂಗಿದರೆ ಎಷ್ಟು ಜನ ತಿರುಗಿ ನೋಡಿಯಾರು! ಊರು, ಮನೆ, ತಂದೆಯ ಹೆಸರು ಸೇರಿಸಿದಂತೆ ತಿರುಗುವವರು ಕಡಿಮೆಯಾಗಿ ಕಡೆಗೆ ಒಬ್ಬರೇ ಉಳಿಯುತ್ತಾರೆ. ಡಿಎನ್‌ಎಯಲ್ಲಿ ಇರುವುದು ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರ. ಹನ್ನೆರಡು ಅಕ್ಷರದ ಪದಗಳನ್ನು 1.68 ಕೋಟಿ ಬಗೆಯಲ್ಲಿ ಬರೆಯಬಹುದು. ಅಂದರೆ 310 ಕೋಟಿ ಅಕ್ಷರದ ಪಠ್ಯದಲ್ಲಿ ಅಂಥದೊಂದು ಪದ ಬರೀ ಆಕಸ್ಮಿಕವಾಗಿಯೇ ನೂರೆಂಬತ್ತು ಕಡೆ ಸಿಕ್ಕೀತು. ಇಪ್ಪತ್ತಕ್ಕೆ ಏರಿಸಿದರೆ ಬಗೆಗಳು 1.1 ಲಕ್ಷ ಕೋಟಿ, ಆಕಸ್ಮಿಕದ ಭಯ ಹೆಚ್ಚುಕಡಿಮೆ ತೀರಿತು. ಹಾಗೆಂದು ಮೂವತ್ತೈದು ನಲವತ್ತು ಅಕ್ಷರ ಬರೆದರೆ ಅದು ತನ್ನಲ್ಲೇ ಮಡಚಿಕೊಳ್ಳುತ್ತದೆ, ಅರೆಬರೆ ಹೊಂದಿದ ಜಾಗದಲ್ಲೂ ಅಂಟಿ ಕೂರುತ್ತದೆ, ದರವೂ ಏರುತ್ತದೆ. ಅದಕ್ಕೇ 18ರಿಂದ 25ರ ನಡುವೆ ಎಲ್ಲರೂ ನಿಂತಿದ್ದಾರೆ.

ವೈರಸ್ಸಿನ ಪಠ್ಯ ಸಿಗುವುದು ಜೆನ್‌ಬ್ಯಾಂಕ್‌ನಲ್ಲಿ. 1982ರಲ್ಲಿ ಅಮೆರಿಕದಲ್ಲಿ ಶುರುವಾದ ಈ ಸಾರ್ವಜನಿಕ ಉಗ್ರಾಣಕ್ಕೆ ಯುರೋಪ್ ಮತ್ತು ಜಪಾನ್‌ನಲ್ಲಿ ಜೊತೆಗಾರರಿದ್ದಾರೆ. ಮೂವರೂ ದಿನದಿನವೂ ಮಾಹಿತಿ ವಿನಿಮಯ ಮಾಡಿಕೊಳ್ಳುವುದರಿಂದ ಎಲ್ಲಿ ಹುಡುಕಿದರೂ ಸಿಗುವುದು ಒಂದೇ. ಭಾರತದ್ದೇ ಆದ ಜೈವಿಕ ದತ್ತಾಂಶ ಕೇಂದ್ರ 2022ರ ನವೆಂಬರ್‌ನಲ್ಲಿ ಫರೀದಾಬಾದ್‌ನಲ್ಲಿ ಆರಂಭವಾಯಿತು. ಜೆನ್‌ಬ್ಯಾಂಕ್‌ನಲ್ಲಿ ಕ್ಯಾಸನೂರು ಎಂದು ಇಂಗ್ಲಿಷ್‌ನಲ್ಲಿ ಟೈಪಿಸಿದರೆ ದಾಖಲೆಗಳ ಪಟ್ಟಿ ಬರುತ್ತದೆ. ಪ್ರತಿ ದಾಖಲೆಗೂ ಅಕ್ಷರ-ಅಂಕಿ ಸೇರಿದ ಒಂದು ನಂಬರು. ಹಲವಲ್ಲಿ ಮಾದರಿ ಸಿಕ್ಕ ಊರು, ವರ್ಷ, ಅದು ಮನುಷ್ಯನದೋ ಮಂಗನದೋ ಉಣುಗಿನದೋ ಎಂಬುದೂ ಇರುತ್ತದೆ. ಹೊಸಬರು ತಬ್ಬಿಬ್ಬಾಗುವ ಸಂಗತಿಯೊಂದಿದೆ. ಆರ್‌ಎನ್‌ಎಯಲ್ಲಿ ಟಿ ಇಲ್ಲ, ಅದರ ಜಾಗದಲ್ಲಿರುವುದು ಯು. ಆದರೆ ಉಗ್ರಾಣದಲ್ಲಿ ಆರ್‌ಎನ್‌ಎ ವೈರಸ್ಸನ್ನೂ ಟಿ ಹಾಕಿಯೇ ಬರೆಯುವ ರೂಢಿ.

ಒಂದೇ ದಾಖಲೆ ನಂಬಿ ಪ್ರೈಮರ್ ಆರಿಸುವಂತಿಲ್ಲ. ಸಿಕ್ಕಷ್ಟನ್ನೂ ಇಳಿಸಿಕೊಂಡು ಒಂದರ ಕೆಳಗೊಂದು ಸಾಲು ಹೊಂದಿಸಿ ನೋಡಬೇಕು. ಕ್ಲಸ್ಟಲ್ ಒಮೆಗಾ, ಮೆಗಾ ಮುಂತಾದ ಉಚಿತ ತಂತ್ರಾಂಶಗಳು ಅದನ್ನು ಮಾಡಿಕೊಡುತ್ತವೆ. 1957ರಿಂದ 2006ರವರೆಗಿನ 48 ಮಾದರಿಗಳನ್ನು ಹೋಲಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಅಷ್ಟು ವರ್ಷಗಳಲ್ಲಿ ಅಕ್ಷರಗಳ ವ್ಯತ್ಯಾಸ ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು, ಅಷ್ಟೇ. ಪುಣೆಯವರು 2017ರವರೆಗಿನ ಮಾದರಿಗಳನ್ನೂ ಸೇರಿಸಿ 2020ರಲ್ಲಿ ಪಶ್ಚಿಮಘಟ್ಟದಲ್ಲಿ ಅದು ಸಾಗಿದ ಹಾದಿಯನ್ನು ಗುರುತಿಸಿದರು. ವೈರಸ್ ಇಷ್ಟು ನಿಧಾನಕ್ಕೆ ಬದಲಾಗುತ್ತಿರುವುದು ಪರೀಕ್ಷೆ ರೂಪಿಸುವವರ ಅದೃಷ್ಟ. ಸಾಲುಗಳ ಮೇಲೆ ಕಣ್ಣಾಡಿಸಿದರೆ ಉದ್ದಕ್ಕೂ ಒಂದಕ್ಷರವೂ ಕದಲದ ಜಾಗಗಳು ಕಾಣುತ್ತವೆ. ಅಲ್ಲಿ ಪ್ರೈಮರ್ ಕೂರಿಸಿದರೆ ಹಳೆಯ ತಳಿಯೂ ಸಿಗುತ್ತದೆ, ಹೊಸದೂ ಸಿಗುತ್ತದೆ. ಪುಣೆಯ ಸಂಸ್ಥೆ 2012ರಲ್ಲಿ ಪ್ರಕಟಿಸಿದ, ಪ್ರತಿಗಳು ಹೆಚ್ಚುತ್ತಿರುವಾಗಲೇ ಅಳೆಯುವ ರಿಯಲ್ ಟೈಮ್ ಪಿಸಿಆರ್ ಪರೀಕ್ಷೆ ಗುರಿಯಾಗಿಸಿದ್ದು ಎನ್‌ಎಸ್5 ಎಂಬ ವಂಶವಾಹಿಯನ್ನು. ವೈರಸ್ ತನ್ನನ್ನು ನಕಲು ಮಾಡಿಕೊಳ್ಳುವ ಕಿಣ್ವದ ಬರಹ ಅದು. ಕೆಟ್ಟರೆ ವೈರಸ್ಸೇ ಉಳಿಯದು. ಹಾಗಾಗಿ ಅಲ್ಲಿ ಬದಲಾವಣೆ ಕಡಿಮೆ.

ಕದಲದ ಜಾಗ ಸಿಕ್ಕಿತು ಎಂದು ಹಿಗ್ಗಬಾರದು. ಈ ವೈರಸ್ಸಿಗೂ ಡೆಂಗಿಗೂ ಒಂದೇ ಕುಲ. ಎನ್‌ಎಸ್5ನ ಕೆಲವು ಭಾಗ ಎಷ್ಟು ಕದಲಿಲ್ಲವೆಂದರೆ ಇಡೀ ಕುಲಕ್ಕೇ ಸಾಮಾನ್ಯ. ಅಲ್ಲಿ ಪ್ರೈಮರ್ ಕೂರಿಸಿದರೆ ಡೆಂಗಿ ಜ್ವರವೂ ಮಂಗನ ಕಾಯಿಲೆಯಾಗಿ ಕಂಡೀತು. ತನ್ನವರೆಲ್ಲರಲ್ಲೂ ಒಂದೇ ಇರಬೇಕು, ನೆಂಟರಲ್ಲಿ ಬೇರೆ ಇರಬೇಕು. ಹುಡುಕಾಟವೆಲ್ಲ ಅಂಥ ಜಾಗಕ್ಕೆ. ತೀರ ಹತ್ತಿರದ ನೆಂಟ ಸೌದಿ ಅರೇಬಿಯಾದಲ್ಲಿದೆ, ಅಲ್ಖುಮ್ರಾ ವೈರಸ್. ಅಕ್ಷರಗಳಲ್ಲಿ ನೂರಕ್ಕೆ ಸುಮಾರು 90 ಪಾಲು ಒಂದೇ. ಸಿದ್ದಾಪುರದ ರೋಗಿಗೆ ಅದು ಬರುವ ಸಂಭವ ಇಲ್ಲವೆನ್ನಬಹುದು. ಅದನ್ನು ಬೇರ್ಪಡಿಸಲು ಹೆಣಗಾಡಿ, ಪಕ್ಕದ ಓಣಿಯ ಡೆಂಗಿಯನ್ನು ಮರೆತರೆ ಅದು ಜಾಣತನವಲ್ಲ. ಯಾರಿಂದ ಬೇರ್ಪಡಿಸಬೇಕು ಎಂಬುದನ್ನು ಸಾಫ್ಟ್‌ವೇರ್ ಹೇಳುವುದಿಲ್ಲ. ಊರಿನ ಜ್ವರಗಳ ಪರಿಚಯ ಇದ್ದವರೇ ಹೇಳಬೇಕು.

ಅಕ್ಷರ ಆರಿಸುವ ನಿಯಮಗಳನ್ನು ನಿಜವಾದ ಒಂದು ಪ್ರೈಮರ್ ಇಟ್ಟುಕೊಂಡೇ ನೋಡೋಣ. ವೈರಸ್ಸಿನದು ಬೇಡ, ತೋಟದ್ದು ಇರಲಿ. ಅಡಿಕೆಯ ಎಲೆಚುಕ್ಕಿ ರೋಗದ ಹಿಂದೆ ಯಾವ ಶಿಲೀಂಧ್ರ ಇದೆ ಎಂದು ತಿಳಿಯಲು ಪ್ರಯೋಗಾಲಯಗಳು ಮೊದಲು ಕೈ ಹಾಕುವುದು ಶಿಲೀಂಧ್ರಗಳ ಡಿಎನ್‌ಎಯಲ್ಲಿ ಐಟಿಎಸ್ ಎಂಬ ಭಾಗವನ್ನು ಹಿಡಿಯಲು 1990ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಪ್ರೈಮರ್ ಜೋಡಿಗಳಿಗೆ. ಅದರಲ್ಲಿ ಐಟಿಎಸ್4 ಎಂಬುದು ಹೀಗಿದೆ:

ಟಿಸಿಸಿಟಿಸಿ ಸಿಜಿಸಿಟಿಟಿ ಎಟಿಟಿಜಿಎ ಟಿಎಟಿಜಿಸಿ

ಇಪ್ಪತ್ತು ಅಕ್ಷರ. ಜಿ ಮತ್ತು ಸಿ ಸೇರಿ ಒಂಬತ್ತು, ಅಂದರೆ ನೂರಕ್ಕೆ 45. ನಲವತ್ತರಿಂದ ಅರವತ್ತರೊಳಗೆ ಇರಬೇಕೆಂಬುದು ವಾಡಿಕೆ, ಇದೆ. ಎ-ಟಿ ಜೋಡಿಯ ನಂಟು ಸಡಿಲ, ಜಿ-ಸಿ ನಂಟು ಬಿಗಿ. ಎ, ಟಿಗೆ ತಲಾ ಎರಡು ಡಿಗ್ರಿ, ಜಿ, ಸಿಗೆ ತಲಾ ನಾಲ್ಕು ಡಿಗ್ರಿ ಎಂದು ಹಳೆಯ ಬಾಯಿಲೆಕ್ಕ ಹಾಕಿದರೆ 22ಕ್ಕೆ 36 ಸೇರಿ 58. ಪ್ರೈಮರ್ ಜಾಗ ಬಿಟ್ಟೇಳುವ ಉಷ್ಣತೆ ಸುಮಾರಾಗಿ ಅಷ್ಟು. ಸಾಫ್ಟ್‌ವೇರುಗಳು ಉಪ್ಪಿನಂಶ, ಅಕ್ಕಪಕ್ಕದ ಅಕ್ಷರ ಎಲ್ಲ ಲೆಕ್ಕಕ್ಕೆ ಹಿಡಿದು ಇನ್ನೂ ನಿಖರವಾಗಿ ಹೇಳುತ್ತವೆ. ಆದರೆ ಜೋಡಿಯ ಎರಡಕ್ಕೂ ಈ ಉಷ್ಣತೆ ಹತ್ತಿರ ಹತ್ತಿರ ಇರಬೇಕು. ಇಲ್ಲದಿದ್ದರೆ ಒಂದು ಕೂತಿರುವಾಗ ಇನ್ನೊಂದು ಎದ್ದುಹೋಗುತ್ತದೆ. ಕೊನೆಯ ಎರಡು ಅಕ್ಷರ ಜಿ ಮತ್ತು ಸಿ. ಪಾಲಿಮರೇಸ್ ಮುಂದಕ್ಕೆ ಹೆಣೆಯಲು ಶುರುಮಾಡುವುದು ಆ ತುದಿಯಿಂದಲೇ ಆದ್ದರಿಂದ ಅಲ್ಲಿ ಗಟ್ಟಿಯಾಗಿ ಕೂತಿದ್ದರೆ ಒಳ್ಳೆಯದು. ಮೊದಲ ತುದಿಯಲ್ಲಿ ಒಂದಕ್ಷರ ತಪ್ಪಿದರೆ ನಡೆದುಹೋಗಬಹುದು, ಕೊನೆಯಲ್ಲಿ ತಪ್ಪಿದರೆ ಪರೀಕ್ಷೆಯೇ ಸೋತೀತು.

ಈಗ ಯಾವುದಾದರೂ ಶಿಲೀಂಧ್ರದ ದಾಖಲೆ ತೆರೆದು ಈ ಇಪ್ಪತ್ತು ಅಕ್ಷರ ಹುಡುಕಿ. ಸಾಮಾನ್ಯವಾಗಿ ಸಿಗುವುದಿಲ್ಲ. ಸಿಗುವುದು ಇದು:

ಜಿಸಿಎಟಿಎ ಟಿಸಿಎಎಟಿ ಎಎಜಿಸಿಜಿ ಜಿಎಜಿಜಿಎ

ಐಟಿಎಸ್4ನ್ನು ಹಿಂದಿನಿಂದ ಮುಂದಕ್ಕೆ ಓದಿ, ಎ ಇದ್ದಲ್ಲಿ ಟಿ, ಜಿ ಇದ್ದಲ್ಲಿ ಸಿ, ಹಾಗೇ ತಿರುಗುಮುರುಗು ಹಾಕಿದರೆ ಇದೇ ಬರುತ್ತದೆ. ಉಗ್ರಾಣ ಒಂದು ಎಳೆಯನ್ನು ಮಾತ್ರ ಬರೆದಿಟ್ಟಿರುತ್ತದೆ. ಕೊನೆಯ ತುದಿಯಿಂದ ಹಿಂದಕ್ಕೆ ಬರುವ ಪ್ರೈಮರ್ ಎದುರು ಎಳೆಯ ಭಾಷೆಯಲ್ಲಿರಬೇಕು. ಇದನ್ನು ಮರೆತು ಕಂಡದ್ದನ್ನು ಕಂಡಂತೆ ಆರ್ಡರ್ ಮಾಡಿದರೆ ಎರಡೂ ಪ್ರೈಮರ್ ಒಂದೇ ದಿಕ್ಕಿಗೆ ಓಡುತ್ತವೆ, ನಡುವಿನದು ಇಮ್ಮಡಿಸುವುದೇ ಇಲ್ಲ. ಎಂಎಸ್ಸಿ ಪ್ರಾಜೆಕ್ಟುಗಳಲ್ಲಿ ಹೀಗೆ ಕೈಕೊಟ್ಟ ಪ್ರೈಮರ್‌ಗಳಿಗೆ ಲೆಕ್ಕವಿರಲಾರದು.

ಈ ಲೆಕ್ಕಾಚಾರವನ್ನೆಲ್ಲ ಪ್ರೈಮರ್3 ಎಂಬ ತಂತ್ರಾಂಶ ಕ್ಷಣದಲ್ಲಿ ಮುಗಿಸುತ್ತದೆ. ಅದನ್ನೂ, ಇಡೀ ಉಗ್ರಾಣವನ್ನು ಹುಡುಕುವ ಬ್ಲಾಸ್ಟ್ ಎಂಬುದನ್ನೂ ಜೋಡಿಸಿ ಮಾಡಿದ್ದು ಪ್ರೈಮರ್-ಬ್ಲಾಸ್ಟ್. ದಾಖಲೆಯ ನಂಬರು ಹಾಕಿ ಗುಂಡಿ ಒತ್ತಿದರೆ ಸ್ವಲ್ಪ ಹೊತ್ತಿಗೆ ಹತ್ತು ಜೋಡಿ ತಂದಿಡುತ್ತದೆ. ಪರದೆಯಲ್ಲಿ ಮೊದಲೇ ತುಂಬಿರುವ ಅಂಕಿಗಳು ಒಳ್ಳೆಯವೇ: ಉಷ್ಣತೆ 57ರಿಂದ 63, ಜೋಡಿಯ ವ್ಯತ್ಯಾಸ ಮೂರಕ್ಕಿಂತ ಹೆಚ್ಚಿಲ್ಲ, ಸಿಗುವ ತುಣುಕು 70ರಿಂದ 1000 ಅಕ್ಷರ. ರಿಯಲ್ ಟೈಮ್ ಪರೀಕ್ಷೆಗಾದರೆ ತುಣುಕು 150 ದಾಟದಂತೆ ಇಳಿಸಿಕೊಳ್ಳುವುದು ಲೇಸು. ಮೋಸ ಹೋಗುವುದು ಕೆಳಗಿನ ಒಂದು ಪೆಟ್ಟಿಗೆಯಲ್ಲಿ. ಯಾವುದರ ವಿರುದ್ಧ ತಾಳೆ ನೋಡಬೇಕು ಎಂಬಲ್ಲಿ ಮನುಷ್ಯನ ಎಂಆರ್‌ಎನ್‌ಎ ಪಟ್ಟಿ ಮೊದಲೇ ತುಂಬಿರುತ್ತದೆ. ವೈರಸ್ ಹಿಡಿಯಹೊರಟವರು ಅದನ್ನು ಹಾಗೇ ಬಿಟ್ಟರೆ, ಡೆಂಗಿಯನ್ನು ನೋಡದೆಯೇ ಪ್ರೈಮರ್ ಸರಿಯಿದೆ ಎಂಬ ಉತ್ತರ ಬರುತ್ತದೆ. ತಂತ್ರಾಂಶ ಸುಳ್ಳು ಹೇಳಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟಿದೆ.

ಇನ್ನೊಂದು ತೊಡಕು ಉಗ್ರಾಣದ ಒಳಗೇ ಇದೆ. ಅಲ್ಲಿನ ಹೆಸರುಗಳು ಸಲ್ಲಿಸಿದವರು ಕೊಟ್ಟವು, ಪ್ರತಿಯೊಂದನ್ನೂ ಯಾರೂ ಕೂತು ಪರೀಕ್ಷಿಸಿರುವುದಿಲ್ಲ. ಎಲೆಚುಕ್ಕಿಗೆ ಮುಖ್ಯ ಕಾರಣವೆಂದು ಹೇಳುವ ಕೊಲೆಟೋಟ್ರೈಕಮ್ ಶಿಲೀಂಧ್ರಗಳನ್ನೇ ನೋಡಿ. ಗ್ಲಿಯೋಸ್ಪೊರಿಯಾಯ್ಡಿಸ್ ಎಂಬ ಹೆಸರಿನಲ್ಲಿದ್ದ 343 ದಾಖಲೆಗಳನ್ನು ಅಸಲಿ ಮಾದರಿಯೊಂದಿಗೆ ತಾಳೆ ನೋಡಿದವರು 2009ರಲ್ಲಿ ಹೇಳಿದ್ದು, ನೂರಕ್ಕೆ 86ಕ್ಕೂ ಹೆಚ್ಚು ಆ ಪ್ರಭೇದದ್ದಲ್ಲ ಎಂದು. 2012ರಲ್ಲಿ ಆ ಒಂದು ಹೆಸರಿನ ಗುಂಪು 22 ಪ್ರಭೇದಗಳಾಗಿ ಒಡೆಯಿತು. ಹಳೆಯ ದಾಖಲೆಗಳು ಹಳೆಯ ಹೆಸರಿನಲ್ಲೇ ಅಲ್ಲಿ ಕೂತಿವೆ. ಶಿರಸಿಯ ಸೋಗೆಯಿಂದ ತೆಗೆದ ಶಿಲೀಂಧ್ರವನ್ನು ಬ್ಲಾಸ್ಟ್‌ಗೆ ಕೊಟ್ಟು, ಮೊದಲ ಸಾಲಿನಲ್ಲಿ ನೂರಕ್ಕೆ ನೂರು ಹೊಂದಿದ ಹೆಸರನ್ನು ವರದಿಯಲ್ಲಿ ಬರೆದುಬಿಡುವುದು ಅಪಾಯದ ಕೆಲಸ. ಐಟಿಎಸ್ ಭಾಗವೊಂದರಿಂದ ಈ ಗುಂಪಿನ ಪ್ರಭೇದಗಳು ಬೇರೆಯಾಗುವುದೂ ಇಲ್ಲ, ಇನ್ನೆರಡು ಮೂರು ವಂಶವಾಹಿ ಓದಬೇಕು. ಅಡಿಕೆಯ ಕೊಳೆರೋಗಕ್ಕೂ ಇದೇ ಪಾಡು. ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ 1910ರಲ್ಲಿ ಅದನ್ನು ವಿವರಿಸಿ ಕೊಟ್ಟ ಹೆಸರು ಬೇರೆ, ಈಗ ಬಳಕೆಯಲ್ಲಿರುವ ಫೈಟಾಫ್ತೊರಾ ಮೀಡಿ ಬೇರೆ. ಬೋರ್ಡೋ ದ್ರಾವಣ ಹೊಡೆಯುವ ಕೊನೆಗೌಡನಿಗೆ ಇದರಿಂದ ತೊಂದರೆಯಿಲ್ಲ. ಪ್ರೈಮರ್ ಬರೆಯುವವರಿಗೆ ಇದೆ.

ಕಾಳುಮೆಣಸಿನಲ್ಲಿ ಕಥೆ ಸರಳ. ಪುಡಿಗೆ ಪಪ್ಪಾಯಿ ಬೀಜ ಬೆರೆಸಿದರೆ ಹಿಡಿಯುವ ಪಿಸಿಆರ್ ವಿಧಾನವನ್ನು ಕೋಝಿಕ್ಕೋಡ್‌ನ ಸಾಂಬಾರ ಬೆಳೆ ಸಂಶೋಧನಾ ಸಂಸ್ಥೆಯವರು ರೂಪಿಸಿದ್ದಾರೆ. ಮೆಣಸೂ ಪಪ್ಪಾಯಿಯೂ ದೂರದ ಗಿಡಗಳು, ಗೊಂದಲಕ್ಕೆ ಎಡೆಯಿಲ್ಲ.

ಆರಿಸಿದ ಜೋಡಿಯನ್ನು ಕಂಪನಿಗೆ ಕಳಿಸಿದರೆ ಅಕ್ಷರಕ್ಕೆ ಇಷ್ಟೆಂದು ದರ ಹಾಕಿ, ರಾಸಾಯನಿಕವಾಗಿ ಜೋಡಿಸಿ, ಕೊರಿಯರ್‌ನಲ್ಲಿ ಕಳಿಸುತ್ತಾರೆ. ಸಾದಾ ಜೋಡಿಗೆ ಕೆಲವು ನೂರು ರೂಪಾಯಿ. ಬರುವುದು ಕಿರುಬೆರಳಿಗಿಂತ ಚಿಕ್ಕ ಪ್ಲಾಸ್ಟಿಕ್ ಕೊಳವೆ. ಒಳಗೆ ಏನೂ ಕಾಣುವುದಿಲ್ಲ, ಒಣಗಿದ ಪ್ರೈಮರ್ ತೆಳುವಾಗಿ ಗೋಡೆಗೆ ಮೆತ್ತಿಕೊಂಡಿರುತ್ತದೆ, ಕೆಲವೊಮ್ಮೆ ಮುಚ್ಚಳಕ್ಕೂ. ಅದಕ್ಕೇ ತೆರೆಯುವ ಮೊದಲು ಸೆಂಟ್ರಿಫ್ಯೂಜ್‌ನಲ್ಲಿ ಒಮ್ಮೆ ತಿರುಗಿಸಿ ತಳಕ್ಕಿಳಿಸುತ್ತಾರೆ. ನೇರ ಮುಚ್ಚಳ ತೆಗೆದು ಊದಿದಂತಾದರೆ ದುಡ್ಡು ಗಾಳಿಗೆ. ಆಮೇಲೆ ಶುದ್ಧ ನೀರು ಹಾಕಿ ಕರಗಿಸಿ, ಸಣ್ಣ ಪಾಲುಗಳಾಗಿ ಹಂಚಿ, ಮೈನಸ್ 20 ಡಿಗ್ರಿಯಲ್ಲಿಡುವುದು.

ಪರದೆಯ ಮೇಲೆ ಚೆನ್ನಾಗಿ ಕಂಡ ಜೋಡಿ ಕೊಳವೆಯಲ್ಲಿ ನಡೆಯಬೇಕೆಂದಿಲ್ಲ. ವೈರಸ್ ಇದೆಯೆಂದು ಗೊತ್ತಿರುವ ಮಾದರಿ, ಇಲ್ಲವೆಂದು ಗೊತ್ತಿರುವ ಮಾದರಿ, ಡೆಂಗಿ ರೋಗಿಯ ಮಾದರಿ, ಬರೀ ನೀರು, ಎಲ್ಲವನ್ನೂ ಒಟ್ಟಿಗೆ ಓಡಿಸಬೇಕು. ನೀರಿನ ಕೊಳವೆಯಲ್ಲೂ ಪಾಸಿಟಿವ್ ಬಂದರೆ ಪ್ರೈಮರ್‌ಗಳು ತಂತಮ್ಮಲ್ಲೇ ಜೋಡಿಯಾಗಿವೆ, ಇಲ್ಲವೇ ಕೋಣೆಯೇ ಹಳೆಯ ಪ್ರತಿಗಳಿಂದ ಕಲುಷಿತವಾಗಿದೆ. ಭೈರುಂಬೆಯ ಜಗುಲಿಯಲ್ಲಿ ಮಾಡಲಾಗದ್ದು ಇಲ್ಲಿಂದ ಶುರು. ಜೀವಂತ ವೈರಸ್ ಇರುವ ಮಾದರಿಯನ್ನು ಮುಟ್ಟಲು ಬಿಗಿ ಸುರಕ್ಷೆಯ ಪ್ರಯೋಗಾಲಯ ಬೇಕು. ಹಿಂದೆ ಈ ವೈರಸ್ಸಿನ ಮೇಲೆ ಕೆಲಸ ಮಾಡಿದ ಪ್ರಯೋಗಾಲಯದ ಸಿಬ್ಬಂದಿಗೇ ಕಾಯಿಲೆ ತಗುಲಿದ ದಾಖಲೆಗಳಿವೆ. ದೇಶದ ಮೊದಲ ನಾಲ್ಕನೇ ಹಂತದ ಸುರಕ್ಷಾ ಪ್ರಯೋಗಾಲಯ ಪುಣೆಯಲ್ಲಿ ಸಜ್ಜಾದದ್ದು 2012ರಲ್ಲಿ. ಯಾರು ಬೇಕಾದರೂ ಓದಬಹುದಾದ ಉಗ್ರಾಣಕ್ಕೆ ಈ ವೈರಸ್ಸಿನ ಹೊಸ ಪುಟ ಸೇರಿಸಬಲ್ಲವರು ಬೆರಳೆಣಿಕೆಯಷ್ಟು ಸಂಸ್ಥೆಗಳು. ನನಗೆ ಚಿಂತೆಯೆನಿಸುವುದು ಇದೇ. ಸಿದ್ದಾಪುರದಲ್ಲಿ ಈ ವರ್ಷ ಸತ್ತ ಮಂಗದಲ್ಲಿ ಯಾವ ಅಕ್ಷರ ಬದಲಾಗಿದೆ ಎಂದು ಉಗ್ರಾಣಕ್ಕೆ ಬರುವ ಹೊತ್ತಿಗೆ ಎಷ್ಟೋ ಹಂಗಾಮು ಕಳೆದಿರಬಹುದು.

ಬದಲಾದ ಅಕ್ಷರ ಬೇಗ ತಿಳಿಯುವುದು ಎಷ್ಟು ಮುಖ್ಯವೆಂದು ಕೋವಿಡ್‌ನಲ್ಲಿ ನೋಡಿದ್ದೇವೆ. 2020ರ ಜನವರಿ ಎರಡನೇ ವಾರ ವುಹಾನ್‌ನ ವೈರಸ್ಸಿನ ಪಠ್ಯ ಸಾರ್ವಜನಿಕವಾಯಿತು. ಅದೇ ತಿಂಗಳು ಬರ್ಲಿನ್‌ನ ಶಾರಿಟೆ ಆಸ್ಪತ್ರೆಯವರ ಪರೀಕ್ಷಾ ವಿಧಾನ ಪ್ರಕಟವಾಯಿತು. ವರ್ಷ ಮುಗಿಯುವಷ್ಟರಲ್ಲಿ ಬಂದ ಆಲ್ಫಾ ತಳಿಯಲ್ಲಿ ಆರು ಅಕ್ಷರ ಅಳಿಸಿಹೋಗಿ, ಕೆಲವು ಕಿಟ್‌ಗಳ ಮೂರು ಗುರಿಗಳಲ್ಲಿ ಒಂದು ಕುರುಡಾಯಿತು. ಉಳಿದ ಎರಡು ಗುರಿ ಕೈಹಿಡಿದವು. ಒಂದೇ ಗುರಿ ನಂಬಿದ ಪರೀಕ್ಷೆಗೆ ಆ ಆಸರೆ ಇರುವುದಿಲ್ಲ.

ಸದ್ಯಕ್ಕೆ ಒಳ್ಳೆಯ ಸುದ್ದಿಯೂ ಇದೆ. ಕ್ಷಯ ಮತ್ತು ಕೋವಿಡ್ ಪರೀಕ್ಷೆಯಿಂದ ಪರಿಚಿತವಾದ ಟ್ರೂನ್ಯಾಟ್ ಯಂತ್ರಕ್ಕೆ ಮಂಗನ ಕಾಯಿಲೆಯ ಚಿಪ್ ಕೂಡ ಬಂದಿದೆ. ಬ್ಯಾಟರಿಯಲ್ಲಿ ನಡೆಯುವ ಯಂತ್ರ, ತಾಲೂಕು ಆಸ್ಪತ್ರೆಯ ಮೇಜಿನ ಮೇಲೆ ಹಿಡಿಸುತ್ತದೆ. ಪ್ರೈಮರ್‌ಗಳು ಚಿಪ್‌ನಲ್ಲೇ ಒಣಗಿಸಿಟ್ಟಿರುತ್ತವೆ. ಆದರೆ ಎಂಥ ಪ್ರೈಮರ್ ಆದರೂ ರಕ್ತದಲ್ಲಿ ವೈರಸ್ ಇದ್ದರೆ ತಾನೇ ಹಿಡಿಯುವುದು? ವೈರಸ್ ರಕ್ತದಲ್ಲಿ ಹೇರಳವಾಗಿರುವುದು ಜ್ವರದ ಮೊದಲ ವಾರ. ಆಮೇಲೆ ಅದು ಇಳಿಯುತ್ತದೆ, ದೇಹದ ಐಜಿಎಂ ಪ್ರತಿಕಾಯ ಏರುತ್ತದೆ, ಆಗ ಪ್ರತಿಕಾಯವನ್ನು ಹಿಡಿಯುವ ಎಲೀಸಾ ಪರೀಕ್ಷೆ ಬೇಕು. ಮಾದರಿಯ ಜೊತೆ ಹೋಗುವ ಫಾರಂನಲ್ಲಿ ಜ್ವರ ಶುರುವಾದ ದಿನಾಂಕ ಬರೆಯಲು ಒಂದು ಜಾಗ ಇರುತ್ತದೆ. ರೋಗಿ ನೆನಪಿಲ್ಲವೆಂದು ಅದನ್ನು ಖಾಲಿ ಬಿಟ್ಟರೆ, ಪಿಸಿಆರ್ ನೆಗೆಟಿವ್ ಬಂದಾಗ ಅದಕ್ಕೆ ಏನು ಅರ್ಥ ಹೇಳಬೇಕೆಂಬುದು ಪ್ರಯೋಗಾಲಯದವರಿಗೂ ತಿಳಿಯುವುದಿಲ್ಲ.